ಅಯ್ಯನ ಮೀಸೆ

ಬೆಳ್ಳಿಯ ಮೀಸೆಯೊಂದನ್ನು ಹ್ಯಾಂಡ್‌ಬ್ಯಾಗಿನಲ್ಲಿಟ್ಟುಕೊಂಡು ಮ್ಯೂಸಿಯಂ ಸುತ್ತಿದವಳು ನಮ್ಮ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಮೀಸೆ ನಮ್ಮ ಮನೆಯ ಅಯ್ಯನದು. ಅಯ್ಯ ಎಂದರೆ ಮನುಷ್ಯನಲ್ಲ, ಕಲ್ಲು. ಗುಬ್ಬಿ ತಾಲ್ಲೂಕಿನ ನಮ್ಮ ಊರ ಹೊರಗೆ, ರಸ್ತೆ ಪಕ್ಕದ ಕಟ್ಟೆಯ ಮೇಲೆ ಅರ್ಧ ಹೂತು ನಿಂತಿದ್ದ ಕಲ್ಲು. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ನಮ್ಮ ವಂಶದ ಹಿರಿಯ ಆತ ಎಂದು ಮನೆಯಲ್ಲಿ ಹೇಳುತ್ತಿದ್ದರು. ಹೇಳುತ್ತಿದ್ದರು ಅಷ್ಟೇ, ಯಾರೂ ಕಂಡವರಿಲ್ಲ.

ವರ್ಷಕ್ಕೊಮ್ಮೆ ಮಹಾಲಯದಲ್ಲಿ ಮನೆಯವರೆಲ್ಲ ಅಲ್ಲಿ ಸೇರುತ್ತಿದ್ದೆವು. ಅಯ್ಯನಿಗೆ ಹೊಸ ಪಂಚೆ ಉಡಿಸಿ, ತಲೆಗೆ ಪೇಟ ಸುತ್ತಿ, ಮೇಣ ಮೆತ್ತಿ ಬೆಳ್ಳಿ ಕಣ್ಣು, ಬೆಳ್ಳಿ ಮೀಸೆ ಅಂಟಿಸುತ್ತಿದ್ದೆವು. ಎಡೆ ಇಟ್ಟು, ಮೇಲಿನಿಂದ ಹರಳೆಣ್ಣೆ ಸುರಿಯುತ್ತಿದ್ದರು. ತಲೆತಲಾಂತರದಿಂದ ಸುರಿದ ಎಣ್ಣೆ, ಮೇಲೆ ಕೂತ ದೀಪದ ಮಸಿ, ಅರಿಸಿನ ಎಲ್ಲ ಸೇರಿ ಕಲ್ಲು ಬಾಣಲೆಯ ತಳದ ಹಾಗೆ ಕರ್ರಗೆ ದಪ್ಪಗೆ ಆಗಿತ್ತು. ಅದರ ಬಲಗಡೆ ಬೆರಳು ಹೋಗುವಷ್ಟು ಒಂದು ಕುಳಿ. ಸುರಿದ ಎಣ್ಣೆ ಅಲ್ಲಿ ನಿಲ್ಲುತ್ತಿತ್ತು. ಅದಕ್ಕೆ ನಾವು ತೋಳ್ಸಂದಿ ಅನ್ನುತ್ತಿದ್ದೆವು. ಉಂಗುರದ ಬೆರಳನ್ನು ಆ ಸಂದಿಗೆ ಅದ್ದಿ ಹಣೆಗೆ ಇಟ್ಟುಕೊಂಡರೆ ಅಯ್ಯ ಜೊತೆಗೆ ಬಂದ ಹಾಗೆ. ಹೆರಿಗೆಗೆ ಹೋಗುವವರು, ಪರೀಕ್ಷೆ ಬರೆಯುವವರು, ಆಸ್ಪತ್ರೆಗೆ ಸೇರುವವರು ಆ ಬೊಟ್ಟಿಲ್ಲದೆ ಹೊಸಲು ದಾಟುತ್ತಿರಲಿಲ್ಲ.

ನಮ್ಮಪ್ಪ ಒಬ್ಬರು ದಾಟಿದರು. ಎದೆನೋವು ಬಂದಾಗ ಕ್ಯಾತ್ಸಂದ್ರದ ಮನೆಯಿಂದ ಆಂಬುಲೆನ್ಸಿನಲ್ಲಿ ನೇರ ಬೆಂಗಳೂರಿಗೆ ಒಯ್ದೆವು. ಅಂಥ ಹೊತ್ತಿನಲ್ಲಿ ಊರಿಗೆ ಹೋಗಿ ಎಣ್ಣೆ ತರುವವರು ಯಾರು? ಅಪ್ಪ ವಾಪಸ್ ಬಂದದ್ದು ಅದೇ ಆಂಬುಲೆನ್ಸಿನಲ್ಲಿ, ಬಿಳಿ ಬಟ್ಟೆಯೊಳಗೆ. ಬ್ಲಾಕೇಜು, ವಯಸ್ಸು, ಬೀಡಿ ಎಂದು ಡಾಕ್ಟರು ಹೇಳಿದ್ದು ಅಮ್ಮನ ಕಿವಿಗೆ ಬೀಳಲೇ ಇಲ್ಲ. ಎಣ್ಣೆ ಇಲ್ಲದೆ ಕಳಿಸಿದೆ ಎಂಬುದೊಂದೇ ಅವಳ ತಲೆಯಲ್ಲಿ ಕೂತಿತು. ಗಂಡ ಸತ್ತ ಮೇಲೆ ನಮ್ಮ ಮನೆ ಪದ್ಧತಿಯಂತೆ ಅವಳು ಕಲ್ಲನ್ನು ಮುಟ್ಟುವಂತಿರಲಿಲ್ಲ. ದೂರ ನಿಲ್ಲುತ್ತಿದ್ದಳು, ನಾನು ಬೆರಳದ್ದಿ ತಂದು ಅವಳ ಹಣೆಗೆ ಇಡುತ್ತಿದ್ದೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಅಮ್ಮನ ಎಡಗಾಲಿನ ಬೆರಳುಗಳು ಕಪ್ಪಾದಾಗ ಅಯ್ಯ ಜಾಗದಲ್ಲಿ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಕಟ್ಟೆ ಕಿತ್ತು ಹಾಕಿದ್ದರು. ಕಲ್ಲನ್ನು ಮ್ಯೂಸಿಯಮ್ಮಿಗೆ ಕೊಂಡೊಯ್ದರು ಎಂದು ಊರಿನ ಚಿಕ್ಕಪ್ಪ ಫೋನಿನಲ್ಲಿ ಹೇಳಿದ್ದರು. ಯಾವ ಮ್ಯೂಸಿಯಂ ಎಂದು ಕೇಳಿದರೆ, ಅದೇ ಕಣವ್ವ ಮ್ಯೂಸಿಯಮ್ಮು, ಅಂದರು. ಮುಂದಿನ ಮಹಾಲಯದೊಳಗೆ ಹುಡುಕಿದರಾಯಿತು ಎಂದು ಅಣ್ಣ ಅಂದುಕೊಂಡಿದ್ದ. ಮಹಾಲಯ ಬರುವ ಮೊದಲೇ ಅಮ್ಮನಿಗೆ ಚಪ್ಪಲಿ ಕಚ್ಚಿ ಗಾಯವಾಯಿತು. ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯಲಿಲ್ಲ.

ಶನಿವಾರ ಬೆಳಿಗ್ಗೆ ತುಮಕೂರಿನ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು, ಇವತ್ತೇ ಬೆರಳುಗಳನ್ನು ತೆಗೆದುಬಿಟ್ಟರೆ ಪಾದ ಉಳಿಯುತ್ತದೆ, ಕೊಳೆತ ಮೇಲಕ್ಕೆ ಹತ್ತುತ್ತಿದೆ ಎಂದರು. ಅಮ್ಮ ಪ್ರಜ್ಞೆಯಲ್ಲಿದ್ದಾಳೆ, ಆದ್ದರಿಂದ ಒಪ್ಪಿಗೆ ಅವಳದ್ದೇ ಬೇಕು. ಅಮ್ಮ ಒಪ್ಪಲಿಲ್ಲ. ಅತ್ತೂ ಇಲ್ಲ, ಕೂಗಾಡಲೂ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿ, "ಅಯ್ಯನ ಎಣ್ಣೆ ತಗಂಬನ್ನಿ. ಆಮೇಲೆ ಕುಯ್ಯಲಿ. ನಿಮ್ಮಪ್ಪನ್ನ ಕಳ್ಸಿದಂಗೆ ನನ್ನ ಕಳ್ಸಬ್ಯಾಡಿ," ಅಂದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. ಶಿರಾ ಗೇಟಿನ ಹತ್ತಿರದ ಒಂದು ಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು ನಾನು. ಮೂಢನಂಬಿಕೆಯ ಬಗ್ಗೆ ಮಕ್ಕಳಿಂದ ಚಾರ್ಟು ಬರೆಸಿ ಗೋಡೆಗೆ ಅಂಟಿಸಿದವಳು. ಅಮ್ಮನ ಮೇಲೆ ರೇಗಿದೆ, ಬೇಡಿಕೊಂಡೆ, ಮತ್ತೆ ರೇಗಿದೆ. ಅವಳು ತಿರುಗಿ ನೋಡಲಿಲ್ಲ. ಹಟದಲ್ಲಿ ನಾನು ಅವಳ ಮಗಳೇ, ಆದರೆ ಅವಳು ನನ್ನ ಅಮ್ಮ. ಕೊನೆಗೆ ಮನೆಗೆ ಓಡಿ ದೇವರ ಪೆಟ್ಟಿಗೆಯಿಂದ ಬೆಳ್ಳಿ ಮೀಸೆ ತೆಗೆದುಕೊಂಡು ಹೊರಟೆ. ಮೀಸೆ ಯಾವ ಕಲ್ಲಿಗೆ ಒಪ್ಪುತ್ತದೋ ಅದೇ ಅಯ್ಯ ಎಂದು ಅಮ್ಮ ಹೇಳಿ ಕಳಿಸಿದ್ದಳು.

ಫೋನ್ ಮಾಡಿದರೆ ಆಗುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಾಡಿದೆ. ಸಣ್ಣ ಮ್ಯೂಸಿಯಂಗಳ ಫೋನು ಗೋಡೆಯ ಮೇಲೆ ಇರುತ್ತದೆ, ರಿಂಗಾಗುತ್ತದೆ, ಎತ್ತುವವರು ಇರುವುದಿಲ್ಲ.

ಮೊದಲು ಹೋದದ್ದು ತುಮಕೂರಿನ ಸಂಗ್ರಹಾಲಯಕ್ಕೆ. ಅದು ಹಳೆಯ ಕಲ್ಲು ಕಟ್ಟಡದಲ್ಲಿದೆ. ನಾನೇ ಎಷ್ಟೋ ಸಲ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ, ಕೈ ಕಟ್ಟಿ ನಡೀರಿ, ಏನನ್ನೂ ಮುಟ್ಟಬೇಡಿ ಎಂದು ಗದರಿದ ಜಾಗ. ಒಳಗೆ ಎರಡು ಕೋಣೆ ತುಂಬ ತುಕ್ಕು ಹಿಡಿದ ಕತ್ತಿ, ಮೂಗಿಲ್ಲದ ವಿಗ್ರಹ, ಗಾಜಿನ ಪೆಟ್ಟಿಗೆಯಲ್ಲಿ ನಾಣ್ಯ. ಕಲ್ಲುಗಳನ್ನು ಹೊರಗಿನ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ವಾಚ್‌ಮನ್‌ಗೆ ಮೊಬೈಲಿನಲ್ಲಿದ್ದ ಅಯ್ಯನ ಫೋಟೊ ತೋರಿಸಿದೆ. ಪೇಟ, ಮೀಸೆ, ಪಂಚೆ, ಹಾರ ಇಷ್ಟೇ ಕಾಣುವ ಫೋಟೊ. ಅವನು ನೋಡಿ, "ಇದು ಯಾರೋ ಯಜಮಾನ್ರಿದ್ದಂಗವ್ರೆ ಮೇಡಂ, ಕಲ್ಲೆಲ್ಲಿದೆ?" ಅಂದ.

ಸಾಲಿನ ತುದಿಯಲ್ಲಿ, ಬಾಗಿಲ ಪಕ್ಕದಲ್ಲಿ, ನನಗಿಂತ ಎತ್ತರದ ತಿಳಿ ಬಣ್ಣದ ಕಲ್ಲೊಂದಿತ್ತು. ಕಂಬದಿಂದ ಹೊರಟ ಒಂದು ಹೆಣ್ಣಿನ ತೋಳು, ಮೊಣಕೈಯಲ್ಲಿ ಬಾಗಿ ಮೇಲೆದ್ದ ಕೈ, ಕೈತುಂಬ ಬಳೆ. ಮಾಸ್ತಿಕಲ್ಲು. ಪರೀಕ್ಷೆಯಲ್ಲಿ ಒಂದು ಮಾರ್ಕಿನ ಪ್ರಶ್ನೆ, ಗಂಡನ ಚಿತೆಯಲ್ಲಿ ಬೆಂದುಹೋದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಕಲ್ಲು ಎಂದು ಬರೆದರೆ ಆಯಿತು. ನನಗೆ ಬೇಕಾದದ್ದು ಗಂಡಸು. ಬ್ಯಾಗನ್ನು ಅದರ ಬುಡದಲ್ಲಿಟ್ಟು, ಮೀಸೆ ಹೊರಗೆ ತೆಗೆದು, ಉಳಿದ ಕಲ್ಲುಗಳ ಹತ್ತಿರ ಹೋದೆ. ಬಿಲ್ಲು ಹಿಡಿದವನು, ಕುದುರೆ ಹತ್ತಿದವನು, ಹುಲಿ ಇರಿದವನು, ಒಬ್ಬೊಬ್ಬನ ಮುಖದ ಮುಂದೂ ಮೀಸೆ ಹಿಡಿದು ನೋಡಿದೆ. ವೀರರ ಮುಖಗಳು ಹೆಬ್ಬೆರಳಷ್ಟೂ ಇರಲಿಲ್ಲ. ಮುಟ್ಟಬಾರದು ಮೇಡಂ ಎಂದು ವಾಚ್‌ಮನ್ ಹಿಂದಿನಿಂದ ಹೇಳಿದಾಗ, ನನ್ನ ಮಾತೇ ನನಗೆ ತಿರುಗಿ ಬಂದ ಹಾಗಾಯಿತು. ನಮ್ಮ ಅಯ್ಯ ಎದೆಯುದ್ದ, ಕರ್ರಗೆ, ದಪ್ಪಗೆ. ಅಂಥದ್ದು ಅಲ್ಲಿ ಯಾವುದೂ ಇರಲಿಲ್ಲ.

ಬರಿಗೈಲಿ ಆಸ್ಪತ್ರೆಗೆ ಬಂದರೆ ಅಲ್ಲಿ ಇನ್ನೊಂದು ಅನಾಹುತ. ನಾನು ಹೋದ ಮೇಲೆ ಅಣ್ಣ ಅಂಗಡಿಯಿಂದ ಹರಳೆಣ್ಣೆ ತಂದು, ಒಂದಿಷ್ಟು ವಿಭೂತಿ ಬೆರೆಸಿ, ಸಿಕ್ಕಿತು ಅಯ್ಯ ಎಂದು ಅಮ್ಮನ ಹಣೆಗೆ ಹಚ್ಚಿದ್ದಾನೆ. ಅಮ್ಮನ ಕಣ್ಣು ಮಂಜಾಗಿದ್ದರೂ ಮೂಗು ಮಂಜಾಗಿರಲಿಲ್ಲ. ಅಯ್ಯನ ಎಣ್ಣೆಗೆ ಹಳೆ ದೀಪದ ಕಮಟು, ಸಾಂಬ್ರಾಣಿ ಮತ್ತು ಮಣ್ಣು ಸೇರಿದ ಒಂದು ವಾಸನೆ ಇತ್ತು. ಮದುವೆಯಾಗಿ ಬಂದ ದಿನದಿಂದ ಅವಳ ಹಣೆಯ ಮೇಲೆ ಕೂತ ವಾಸನೆ. ಬೆರಳಿನಿಂದ ಒರೆಸಿ ಮೂಸಿ ನೋಡಿ, "ಅಂಗಡಿ ಎಣ್ಣೆ ಕಣ್ಲಾ ಇದು. ಸಾಯೋಳಿಗೂ ಸುಳ್ಳು ಹೇಳ್ತೀಯೇನ್ಲಾ," ಅಂದಳಂತೆ. ಅಣ್ಣ ಕಾರಿಡಾರಿನಲ್ಲಿ ಕೂತು ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ. ಅವನಿಗೆ ಬೈಯಲು ಹೋದವಳು ಪಕ್ಕದಲ್ಲಿ ಕೂತೆ. ಕಾಲು ಉಳಿಸಬೇಕೆಂದೇ ಮಾಡಿದ್ದ. ಆದರೆ ಆ ಬೊಟ್ಟು ಇಟ್ಟಾದ ಮೇಲೆ ಅಮ್ಮನಿಗೆ ನಮ್ಮ ಮೂವರ ಮೇಲೂ, ಅಂದರೆ ನಾನು, ಅಣ್ಣ, ಡಾಕ್ಟರು ಎಲ್ಲರ ಮೇಲೂ ನಂಬಿಕೆ ಹೋಯಿತು. ಇನ್ನು ನಿಜವಾದ ಎಣ್ಣೆ ತಂದರೂ ನಂಬುತ್ತಾಳೋ ಇಲ್ಲವೋ ಯಾರಿಗೆ ಗೊತ್ತು.

ಭಾನುವಾರ ಗುಬ್ಬಿಗೆ ಹೋದೆ. ಅಲ್ಲಿ ಒಂದು ಹಳೆಯ ತೊಟ್ಟಿಮನೆಯವರು ಊರೂರಿನ ಹಳೆ ಸಾಮಾನು ಕೂಡಿಟ್ಟಿದ್ದಾರೆ, ಹಿತ್ತಲಲ್ಲಿ ಕಲ್ಲುಗಳೂ ಇವೆ ಎಂದು ಚಿಕ್ಕಪ್ಪ ಹೇಳಿದ್ದರು. ಮನೆಯ ಹಿರಿಯಾಕೆ ಬಾಗಿಲು ತೆರೆದರು. ನೋಡಲು ಬರುವವರೆಂದರೆ ಅವರಿಗೆ ಹಬ್ಬ. ಹಿತ್ತಾಳೆ ಹಂಡೆ, ಗಿಳಿ ಕೆತ್ತಿದ ತೊಟ್ಟಿಲು, ನಿಂತ ಗಡಿಯಾರ, ಪಲ್ಲಕ್ಕಿಯ ಕೊಂಬು, ಒಂದೊಂದರ ಮುಂದೆಯೂ ನಿಂತು ಅದರ ಕತೆ ಹೇಳಿದರು. ನನ್ನ ಫೋನು ಕೈಯಲ್ಲೇ ಇತ್ತು. ಪಾದ ಊದಿಕೊಂಡಿದೆ, ಇನ್ನು ಬೆರಳು ತೆಗೆದರೆ ಸಾಲದು, ಪಾದವೇ ಹೋಗಬೇಕಂತೆ ಎಂದು ಅಣ್ಣ ಮೆಸೇಜು ಹಾಕಿದ್ದ. ತೊಟ್ಟಿಲಿನ ಕತೆಯ ನಡುವೆ ನಾನು, ಅಮ್ಮಾ ನನಗೆ ಕಲ್ಲು ಮಾತ್ರ ತೋರಿಸಿ ಎಂದು ಸಿಡುಕಿಬಿಟ್ಟೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು.

ಹಿತ್ತಲಲ್ಲಿ ನಾಲ್ಕೈದು ಕಲ್ಲು ನುಗ್ಗೆಮರದ ಕೆಳಗೆ ಇದ್ದವು. ಒಂದರ ಮೇಲೆ ಬಟ್ಟೆ ಒಣಹಾಕಿದ್ದರು. ಮೀಸೆ ಹಿಡಿದು ನೋಡಿದೆ, ಯಾವುದೂ ಅಲ್ಲ. ನಾನು ಅಲ್ಲೇ ಕೂತುಬಿಟ್ಟೆ. ಆಕೆ ಮಜ್ಜಿಗೆ ತಂದುಕೊಟ್ಟು, ನುಣುಪಾದ ಒಂದು ಕಲ್ಲನ್ನು ತೋರಿಸಿ ತಮ್ಮ ಅತ್ತೆಯ ವಿಷಯ ಹೇಳಿದರು. ಅದು ಅವರ ಮನೆದೇವರ ಕಲ್ಲಂತೆ. ಯಾರೋ ಓದಿದವರು ಬಂದು ಬ್ರಷ್ಷು ಹಾಕಿ ಉಜ್ಜಿದಾಗ ಅದರ ಮೇಲೆ ಯಾವುದೋ ಕೆರೆಯ ತೂಬಿನ ವಿಷಯ ಬರೆದಿತ್ತಂತೆ. "ಎಣ್ಣೆ ಹೋದ್ಮೇಲೆ ನಮ್ಮತ್ತೆಗೆ ಅದು ಗುರ್ತೇ ಸಿಗ್ಲಿಲ್ಲ ಕಣವ್ವ. ನಮ್ದಲ್ಲ ಅಂದ್ಬುಟ್ರು. ಸಾಯೋಗಂಟ ಅದ್ರ ಮುಂದೆ ದೀಪ ಹಚ್ಲಿಲ್ಲ."

ಅಷ್ಟು ಸ್ಪಷ್ಟವಾಗಿ ಹೇಳಿದರು ಆಕೆ. ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಬಸ್ಸಿನ ಟೈಮು. ಊಟ ಮಾಡಿ ಹೋಗು ಎಂದರೂ ನಿಲ್ಲದೆ ಬಂದೆ. ಬಾಗಿಲವರೆಗೆ ಬಂದು ಹಣ್ಣು ಕೊಟ್ಟು, ನಿಮ್ಮಮ್ಮನಿಗೆ ವಾಸಿಯಾಗಲಿ ಎಂದರು. ಬಸ್ಸಿನಲ್ಲಿ ಆ ಬಾಳೆಹಣ್ಣು ಹಿಡಿದುಕೊಂಡು ಅತ್ತುಬಿಟ್ಟೆ.

ಸೋಮವಾರ ಕುಣಿಗಲ್. ಸ್ಕೂಲಿಗೆ ರಜ ಹಾಕಿ ಬೆಳಿಗ್ಗೆಯ ಬಸ್ಸು ಹಿಡಿದೆ. ಗೂಳೂರು ಬಂದಾಗ ಕೂತಲ್ಲೇ ಗಣಪತಿಗೆ ಕೈ ಮುಗಿದು, ಇವತ್ತು ಸಿಕ್ಕರೆ ನಡೆದುಕೊಂಡು ಬಂದು ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತೆ. ಮೂಢನಂಬಿಕೆಯ ಚಾರ್ಟು ಬರೆಸಿದ ಟೀಚರು ನಾನೇ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಎರಡು ಕೋಣೆಯ ಸಂಗ್ರಹಾಲಯವಿತ್ತು. ಬೀಗದ ಕೈ ಇಟ್ಟುಕೊಂಡಿದ್ದ ಲೆಕ್ಚರರು ಪಾಠ ಮುಗಿಸಿ ಬರುವವರೆಗೆ ಕಾರಿಡಾರಿನಲ್ಲಿ ನಿಂತಿದ್ದೆ. ಒಳ್ಳೆಯ ಮನುಷ್ಯ. ಫೋಟೊ ನೋಡಿದ ತಕ್ಷಣ ಅವರ ಮುಖ ಅರಳಿತು. "ಇದು ಬಂದಿತ್ತು ಮೇಡಂ. ಪಂಚೆ ಸುತ್ಕೊಂಡೇ ಟ್ರಾಕ್ಟರಲ್ಲಿ ಬಂದಿತ್ತು," ಅಂದರು.

ರಸ್ತೆ ಕೆಲಸದ ಕಂಟ್ರಾಕ್ಟರು ಆ ಕಡೆಯವನಂತೆ. ಕಲ್ಲುಗಳನ್ನು ಮೊದಲು ಇಲ್ಲಿಗೇ ತಂದನಂತೆ. ಇಲ್ಲಿ ಜಾಗವಿಲ್ಲ ಎಂದು ಇಳಿಸದೆಯೇ ತುಮಕೂರಿಗೆ ಕಳಿಸಿದರಂತೆ. ತುಮಕೂರಿನಲ್ಲಿ ಎಲ್ಲಿಗೆ ಎಂದು ಕೇಳಿದೆ. ನಾನು ಶನಿವಾರ ಹೋಗಿದ್ದ ಜಾಗದ ಹೆಸರನ್ನೇ ಹೇಳಿದರು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆ ಗಾದೆಯನ್ನು ಮಕ್ಕಳಿಗೆ ಹೇಳಿ ನಗಿಸಿದ್ದೇನೆ. ಅವತ್ತು ವಾಪಸ್ ಬಸ್ಸಿನಲ್ಲಿ ನಗು ಬರಲಿಲ್ಲ. ಅಣ್ಣ ಫೋನ್ ಮಾಡಿ, ಮಂಡಿ ಕೆಳಗೆ ತೆಗೆಯಬೇಕು ಅಂತಿದಾರೆ, ಅಮ್ಮ ಬಾಯೇ ಬಿಡ್ತಿಲ್ಲ ಅಂದ. ಅಮ್ಮನಿಗೆ ಫೋನ್ ಕೊಡು ಎಂದೆ. ಅಯ್ಯ ಎಲ್ಲಿದಾನೆ ಗೊತ್ತಾಯ್ತಮ್ಮ, ಬರ್ತಾ ಇದೀನಿ, ಈಗಲೇ ಹೂಂ ಅನ್ನು ಎಂದು ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಕಡೆ ಅಮ್ಮನ ಉಸಿರು ಮಾತ್ರ ಕೇಳಿಸಿತು. ಅಣ್ಣನ ಹಾಗೆ ನೀನೂ ಸುಳ್ಳು ಹೇಳುತ್ತೀಯಾ ಎಂದು ಕೇಳಿದ ಹಾಗೆ ಇತ್ತು.

ಬಸ್‌ಸ್ಟ್ಯಾಂಡಿನಿಂದ ಆಟೊ ಹಿಡಿದು ಮ್ಯೂಸಿಯಮ್ಮಿಗೆ ಹೋದರೆ ಗೇಟಿಗೆ ಬೀಗ. ಸೋಮವಾರ ರಜ ಎಂದು ಬೋರ್ಡು ನೇತಾಡುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಬರುವಾಗ ಸೋಮವಾರ ಬೇಡ ಎಂದು ನಾನೇ ಹೆಡ್‌ಮಿಸ್ಸಿಗೆ ನೆನಪಿಸುತ್ತಿದ್ದೆ. ಗೇಟು ಹಿಡಿದು ಅಲ್ಲಾಡಿಸಿದೆ. ಕಬ್ಬಿಣದ ಸದ್ದಿಗೆ ಎದುರಿನ ಜೆರಾಕ್ಸ್ ಅಂಗಡಿಯವನು ಬಂದು, ನಾಳೆ ಬನ್ನಿ ಮೇಡಂ, ಒಳಗೆ ಯಾರೂ ಇಲ್ಲ ಎಂದ. ನಾಳೆ ಎಂಬ ಮಾತು ಇಷ್ಟು ಹೊಲಸಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೇಟಿನ ಕಂಬಿಯ ನಡುವಿನಿಂದ ಪಡಸಾಲೆಯ ಕಲ್ಲುಗಳು ಕಾಣುತ್ತಿದ್ದವು. ಇಷ್ಟೇ ದೂರದಲ್ಲಿ ಅಯ್ಯ ಇದ್ದಾನೆ, ಅಲ್ಲಿ ಆಸ್ಪತ್ರೆಯಲ್ಲಿ ಕಾಲು ಕೊಳೆಯುತ್ತಿದೆ, ನಡುವೆ ಒಂದು ಬೀಗ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಮಂಗಳವಾರ ಬಾಗಿಲು ತೆಗೆಯುವ ಮೊದಲೇ ಗೇಟಿನಲ್ಲಿದ್ದೆ. ವಾಚ್‌ಮನ್‌ಗೆ ಈ ಸಲ ಫೋಟೊ ತೋರಿಸಲಿಲ್ಲ, ಪಂಚೆ ಸುತ್ತಿದ್ದ ಕಲ್ಲು ಎಂದೆ. ಪಂಚೆ ಎಂದ ಕೂಡಲೇ ಅವನಿಗೆ ಜ್ಞಾಪಕ ಬಂತು. "ಅದಾ? ಮೈಯೆಲ್ಲ ಎಣ್ಣೆ ಜಿಡ್ಡು ಮೇಡಂ. ತೊಳ್ಯಕ್ಕೇ ಒಂದ್ ವಾರ ಹಿಡೀತು," ಎಂದು ಬಾಗಿಲ ಪಕ್ಕಕ್ಕೆ ಕೈ ತೋರಿಸಿದ.

ಅವನು ತೋರಿಸಿದ್ದು ಬಳೆಯ ಕೈಯನ್ನು.

ಅಲ್ಲ ಎಂದೆ. ನಮ್ಮದು ಗಂಡಸಿನ ಕಲ್ಲು, ಇಷ್ಟು ಎತ್ತರವೂ ಇಲ್ಲ ಎಂದೆ. ಅರ್ಧ ಮಣ್ಣಲ್ಲಿ ಹೂತಿತ್ತಂತೆ, ಕಿತ್ತಾಗ ಇಷ್ಟುದ್ದ ಬಂತು ಎಂದ ಅವನು. ಹತ್ತಿರ ಹೋದೆ. ಗುಬ್ಬಿಯ ಹಿರಿಯಾಕೆ ಹೇಳಿದ್ದು ಆಗ ತಲೆಗೆ ಹೋಯಿತು. ಕಣ್ಣಿಗೆ ಯಾವ ಗುರುತೂ ಇರಲಿಲ್ಲ. ನಾವು ಯಾರೂ ಎಂದೂ ಈ ಕಲ್ಲನ್ನು ನೋಡಿಯೇ ಇರಲಿಲ್ಲ, ಅದರ ಮೇಲಿನ ಎಣ್ಣೆಯನ್ನು ನೋಡಿದ್ದೆವು. ಬೆರಳಿಗೆ ಮಾತ್ರ ಗೊತ್ತಿತ್ತು. ವಾಚ್‌ಮನ್ ಬೇಡ ಅನ್ನುವಷ್ಟರಲ್ಲಿ ಬಾಗಿದ ಮೊಣಕೈಯ ಒಳಮೂಲೆಗೆ ಉಂಗುರದ ಬೆರಳನ್ನು ಇಟ್ಟೆ. ಬೆರಳು ಕೂತಿತು. ಹೆರಿಗೆಗೆ ಹೋಗುವ ಮುಂಚೆ, ಬಿ.ಎಡ್. ಪರೀಕ್ಷೆಗೆ ಹೋಗುವ ಮುಂಚೆ, ನನ್ನ ಮದುವೆಯ ಬೆಳಿಗ್ಗೆ ಕೂತ ಹಾಗೆಯೇ ಕೂತಿತು. ನಮ್ಮ ಮನೆಯ ಎಷ್ಟೋ ತಲೆಮಾರಿನ ಬೆರಳು ಸವೆಸಿದ ಆ ತೋಳ್ಸಂದಿ ಒಬ್ಬ ಹೆಂಗಸಿನ ಮಡಿಸಿದ ಮೊಣಕೈ.

ಇವಳಿಗೆ ನಾವು ಪಂಚೆ ಉಡಿಸಿದ್ದೆವು. ಪೇಟ ಸುತ್ತಿದ್ದೆವು. ಅಂಗೈಯ ಮೇಲೆ ಮೇಣ ಮೆತ್ತಿ ಮೀಸೆ ಅಂಟಿಸಿದ್ದೆವು. ಬಳೆಗಳ ಸಾಲು ಎಣ್ಣೆಯ ಅಡಿಯಲ್ಲಿ ಮುಚ್ಚಿಹೋಗಿತ್ತು. ಬ್ಯಾಗಿನಲ್ಲಿದ್ದ ಮೀಸೆ ನೆನೆದು ಮೈ ಉರಿಯಿತು. ಪಕ್ಕದ ಚೀಟಿಯಲ್ಲಿ, ಮಾಸ್ತಿಕಲ್ಲು, ದೊರೆತ ಸ್ಥಳ ತಿಳಿದಿಲ್ಲ ಎಂದು ಬರೆದಿದ್ದರು. ಶನಿವಾರ ನಾನು ಬ್ಯಾಗ್ ಇಟ್ಟಿದ್ದ ಜಾಗ ಅದೇ.

ಬೆರಳು ತೆಗೆದು ನೋಡಿಕೊಂಡೆ. ಒಣಗಿದ ಬೆರಳು. ಎಣ್ಣೆಯ ಪಸೆಯೂ ಇಲ್ಲ, ವಾಸನೆಯೂ ಇಲ್ಲ. ತೊಳೆದದ್ದು ಎಲ್ಲಿ ಎಂದು ವಾಚ್‌ಮನ್‌ನನ್ನು ಕೇಳಿದೆ. ಅವನು ಕಟ್ಟಡದ ಹಿಂದೆ ನಲ್ಲಿಯ ಹತ್ತಿರ ಕರೆದುಕೊಂಡು ಹೋದ. ಸಿಮೆಂಟಿನ ಮೇಲೆ ಕರೀ ಕಲೆಯೊಂದು ಮೋರಿಯ ಕಡೆಗೆ ಹರಿದಿತ್ತು. ಮಂಡಿಯೂರಿ ಉಗುರಿನಿಂದ ಕೆರೆದೆ. ಧೂಳು ಬಂತು, ಸೋಪಿನ ವಾಸನೆ ಬಂತು. ಇನ್ನೂ ಕೆರೆದೆ. ಉಗುರು ಮುರಿದು ರಕ್ತ ಬಂದಾಗ ವಾಚ್‌ಮನ್ ನನ್ನ ರಟ್ಟೆ ಹಿಡಿದು ಎಬ್ಬಿಸಿ, ಕಲ್ಲಿನ ಫೋಟೊ ಬೇಕಾದ್ರೆ ತಗೊಳ್ಳಿ ಮೇಡಂ, ಅದಕ್ಕೆ ಯಾರೂ ಬೇಡ ಅನ್ನಲ್ಲ ಎಂದ. ಅವನ ಧ್ವನಿಯಲ್ಲಿ ಹೆದರಿಕೆ ಇತ್ತು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಒಂದು ಯೋಚನೆ ಬಾರದೆ ಇರಲಿಲ್ಲ. ಅಣ್ಣನಿಗಿಂತ ಚೆನ್ನಾಗಿ ಸುಳ್ಳು ಹೇಳಬಹುದು. ಹಳೆ ದೇವಸ್ಥಾನದ ದೀಪದಿಂದ ಒಂದು ಬೊಟ್ಟು ಕಮಟು ಎಣ್ಣೆ ತರಬಹುದು. ಆದರೆ ಅದಕ್ಕೂ ಹೊತ್ತಿರಲಿಲ್ಲ. ಕೋಣೆಯ ಹೊರಗೇ ಕಾಲಿನ ವಾಸನೆ ಬರುತ್ತಿತ್ತು. ಅಣ್ಣ ಗೋಡೆಗೆ ತಲೆ ಒರಗಿಸಿ ನಿಂತಿದ್ದ. ಮಂಡಿ ಮೇಲೆ ಅಂತಿದಾರೆ ಎಂದಷ್ಟೇ ಹೇಳಿದ.

ಅಮ್ಮನಿಗೆ ಜ್ವರ ಏರಿತ್ತು, ಕಣ್ಣು ತೆರೆದೇ ಇತ್ತು. ಮೊಬೈಲಿನ ಫೋಟೊ ದೊಡ್ಡದು ಮಾಡಿ ಅವಳ ಮುಖದ ಹತ್ತಿರ ಹಿಡಿದೆ. ಬಹಳ ಹೊತ್ತು ನೋಡಿದಳು.

"ಯಾರ ಕೈಯೇ ಇದು?"

"ನಮ್ಮ ಅಯ್ಯಂದೇ ಅಮ್ಮ. ಮ್ಯೂಸಿಯಮ್ಮಲ್ಲಿ ತೊಳ್ದವ್ರೆ. ಅಯ್ಯ ಅಲ್ಲ ಅದು, ಹೆಂಗ್ಸು. ಗಂಡ ಸತ್ತಾಗ ಅವನ ಜೊತೆ ಬೆಂಕಿಗೆ ಹೋದೋಳು."

ಅವಳು ನನ್ನ ಕೈ ಹಿಡಿದುಕೊಂಡಳು. ಕೈ ಕೆಂಡದ ಹಾಗೆ ಸುಡುತ್ತಿತ್ತು. ತೋಳ್ಸಂದಿ ನೋಡಿದೆಯಾ ಎಂದು ಕೇಳಿದಳು. ಬೆರಳಿಟ್ಟು ನೋಡಿದೆ, ಕೂತಿತು ಎಂದೆ. ನನ್ನ ಉಂಗುರದ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಇನ್ನು ಮುಗಿಯಿತು, ನಂಬುವುದಿಲ್ಲ ಎಂದುಕೊಂಡೆ. ಎಣ್ಣೆ ಒಂಚೂರೂ ಉಳಿದಿಲ್ಲಮ್ಮ, ಎಲ್ಲ ಮೋರಿಗೆ ಹೋಗಿದೆ ಎಂದು ಹೇಳುವಾಗ ನನಗೆ ಅಳು ತಡೆಯಲಾಗಲಿಲ್ಲ.

"ಗೊತ್ತಾಯ್ತು ಬುಡು. ಸುಳ್ಳು ಹೇಳಂಗಿದ್ರೆ ಎಣ್ಣೆ ಹಚ್ಕೊಂಡೇ ಬರ್ತಿದ್ದೆ ನೀನು," ಅಂದಳು.

ಮತ್ತೆ ಫೋಟೊ ನೋಡಿದಳು. ಬಳೆಗಳ ಮೇಲೆ ಕಣ್ಣಾಡಿಸಿದಳು. ಅಪ್ಪನ ಹನ್ನೊಂದನೇ ದಿನ ಅವಳ ಬಳೆ ಒಡೆದದ್ದು ನನಗೆ ಜ್ಞಾಪಕಕ್ಕೆ ಬಂತು. ಅವಳಿಗೂ ಬಂದಿರಬೇಕು.

"ಮೈಯೆಲ್ಲ ಸುಟ್ಟವ್ರೆ ಇವ್ಳನ್ನ. ಇವ್ಳತ್ರ ನನ್ ಕಾಲು ಉಳ್ಸವ್ವಾ ಅಂತ ಯಾವ್ ಬಾಯಲ್ಲಿ ಕೇಳಾನೇ?"

ಆಮೇಲೆ ಅವಳು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅಪ್ಪ ಹೋದಾಗಿನಿಂದ ಮುಟ್ಟದಿದ್ದ ಕಲ್ಲನ್ನು ಮುಟ್ಟಿದಳು. ತನ್ನ ಉಂಗುರದ ಬೆರಳನ್ನು ತಾನೇ ಎತ್ತಿ, ಮೊಬೈಲಿನ ಗಾಜಿನ ಮೇಲೆ, ಆ ಮೊಣಕೈಯ ಮೂಲೆಗೆ ಇಟ್ಟಳು. ಬೆರಳು ತಗುಲಿ ಫೋಟೊ ಜಾರಿತು, ನಾನು ಸರಿ ಮಾಡಿ ಹಿಡಿದೆ, ಮತ್ತೆ ಇಟ್ಟಳು. ಏನೂ ಇಲ್ಲದ ಆ ಬೆರಳನ್ನು ತಾನೇ ತನ್ನ ಹಣೆಗೆ ಒತ್ತಿಕೊಂಡಳು. ಹೋಗಿ ಡಾಕ್ಟರಿಗೆ ಕುಯ್ಯಾಕೆ ಹೇಳು ಎಂದಳು.

ಶನಿವಾರ ಒಪ್ಪಿದ್ದರೆ ಬೆರಳು ಹೋಗುತ್ತಿತ್ತು. ಮಂಗಳವಾರ ತೊಡೆಯವರೆಗೆ ಹೋಯಿತು. ಗುರುವಾರ ಅಮ್ಮನೇ ಹೋದಳು. ವಿಷ ರಕ್ತಕ್ಕೆ ಸೇರಿತ್ತು ಎಂದರು.

ಯಾರ ಮೇಲೆ ಸಿಟ್ಟಾಗಲಿ? ಕಲ್ಲು ತೊಳೆದವರು ತಮ್ಮ ಕೆಲಸ ಮಾಡಿದರು. ಅಮ್ಮನ ಮೇಲೆ ಸಿಟ್ಟು ಬರುತ್ತದೆ. ಬಂದ ಕೂಡಲೇ ಆ ಬೆರಳು ಗಾಜಿನ ಮೇಲೆ ಜಾರಿದ್ದು ಕಣ್ಣಿಗೆ ಕಟ್ಟುತ್ತದೆ. ಮ್ಯೂಸಿಯಮ್ಮಿನವರನ್ನು ಕಾಡಿ ಬೇಡಿ ಚೀಟಿಯಲ್ಲಿ 'ತಿಳಿದಿಲ್ಲ' ಎಂದಿದ್ದ ಕಡೆ ನಮ್ಮ ಊರಿನ ಹೆಸರು ಬರೆಸಿದೆ. ಅಷ್ಟು 'ತಿಳಿಯಿತು' ಈಗ. ಮೀಸೆ ಇನ್ನೂ ನನ್ನ ಬ್ಯಾಗಿನ ಒಳಜೇಬಿನಲ್ಲೇ ಇದೆ, ಅದನ್ನು ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ವರ್ಷ ತುಂಬಿ ಮಹಾಲಯ ಬಂತು. ಈ ಸಲ ಮನೆಯಲ್ಲೇ ಎಡೆ, ಅದರಲ್ಲಿ ಅಮ್ಮನಿಗೂ ಬಟ್ಟೆ ಇಡಬೇಕು. ಅಣ್ಣ ಅಂಗಡಿಯಿಂದ ಫೋನ್ ಮಾಡಿ, ಅಯ್ಯನಿಗೆ ಯಾವಾಗಲೂ ತರುವ ಪಂಚೆಯನ್ನೇ ತರಲೋ ಎಂದು ಕೇಳಿದ. ಪಂಚೆ ಬೇಡ, ಎರಡು ಸೀರೆ ತಾ ಎಂದೆ.